ಧಾರೆ ಎರೆಯುವ ಕೈಗೆ ಹಿಂಗಾರ

ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿತ್ತು. ಉಳಿದ ಒಂಬತ್ತೂ ಗಿಡ್ಡ, ಒರಟು, ಬುಡದಿಂದ ತುದಿಯವರೆಗೆ ಕಪ್ಪು. ಹೊಸನಗರದ ಎರಡು ಕೋಣೆಯ ಬಾಡಿಗೆ ಮನೆಯ ಜಗಲಿಯಲ್ಲಿ ಮದುಮಗಳ ತಾಯಿ ನನ್ನೆದುರು ಕೈ ಚಾಚಿದರು. ಚಾಚಿದ್ದನ್ನು ಮತ್ತೆ ಹಿಂದಕ್ಕೆಳೆದುಕೊಂಡು ಸೆರಗಿನೊಳಗೆ ಮುಚ್ಚಿದರು.

"ಇದಕ್ಕೆಲ್ಲ ಎಂತ ಹಚ್ತೀರಿ ನೀವು? ಅಡಿಕೆ ಸುಲಿದೂ ಸುಲಿದೂ ಹಿಂಗಾದ ಕೈ ಇದು," ಅಂದರು.

ನಾನು ಸಾಗರದಿಂದ ಬೆಳಗಿನ ಬಸ್ಸಿಗೆ ಬಂದು ಇಳಿದಿದ್ದೆ. ಮರುದಿನ ತೀರ್ಥಹಳ್ಳಿಯ ಛತ್ರದಲ್ಲಿ ಮದುವೆ, ಮದುಮಗಳ ಮೇಕಪ್ಪು ನನ್ನದು. ಅವಳ ಉಗುರಿನ ಕೆಲಸ ಎರಡು ದಿನ ಮೊದಲೇ ನನ್ನ ಪಾರ್ಲರಿನಲ್ಲಿ ಮುಗಿದಿತ್ತು: ಮರೂನ್ ಬಣ್ಣ, ತುದಿಗೆ ಚಿನ್ನದ ಗ್ಲಿಟರ್. ಎದ್ದು ಹೊರಟವಳು ಬಾಗಿಲಲ್ಲಿ ನಿಂತು ಕೇಳಿದ್ದಳು: "ಅಕ್ಕಾ, ನಮ್ಮಮ್ಮಂಗೂ ಮಾಡ್ಕೊಡ್ತೀರಾ? ಧಾರೆ ಎರೆಯೋದು ಅಮ್ಮನೇ. ಫೋಟೋದವನು ಆವಾಗ ಕೈನೇ ಹತ್ರದಿಂದ ತೆಗೀತಾನೆ. ಅಮ್ಮ ಇಲ್ಲೀವರೆಗೆ ಒಂದು ಫೋಟೋದಲ್ಲೂ ಕೈ ಹೊರಗಿಟ್ಟಿಲ್ಲ."

ನಾನು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಪೈಕಿ ಅಲ್ಲ. ಪೆಟ್ಟಿಗೆ ಬಿಚ್ಚುತ್ತಾ, "ಯಜಮಾನ್ರು ಛತ್ರಕ್ಕೆ ಹೋಗಿದಾರಾ ಅಕ್ಕಾ?" ಅಂತ ಕೇಳಿಬಿಟ್ಟೆ. ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿತ್ತು, ಕೇಳದೆ ಇರಲು ನನಗೇನೂ ಕಾರಣ ಕಾಣಲಿಲ್ಲ.

"ಮಗಳು ನಾಲ್ಕನೇ ಕ್ಲಾಸಲ್ಲಿದ್ಲು," ಅಂದರು ಅವರು. "ತಾಳಗುಪ್ಪದಲ್ಲಿ ರೈಲು ಹತ್ತಿದ್ದು ಕಂಡೋರಿದ್ದಾರೆ. ಇಳಿದಿದ್ದು ಕಂಡೋರಿಲ್ಲ. ಸತ್ತ ಸುದ್ದಿ ಬಂದಿಲ್ಲ ನೋಡಿ, ಅದಕ್ಕೇ ಇದೆಲ್ಲ ಇಟ್ಕೊಂಡಿದೀನಿ."

ಆಮೇಲೆ ನಾನು ಕೇಳದೆಯೇ ಉಳಿದದ್ದನ್ನೂ ಹೇಳಿದರು. ಧಾರೆಗೆ ದಂಪತಿ ಕೂರುವುದು ಪದ್ಧತಿ. ಗಂಡನ ತಮ್ಮ, ತಮ್ಮನ ಹೆಂಡತಿ ಇದ್ದಾರೆ, ಅವರೇ ಕೂರಲಿ ಎಂದು ಮೊದಲು ಮಾತಾಗಿತ್ತಂತೆ. ಮಗಳು ಹಟ ಹಿಡಿದಳು, ಅಮ್ಮ ಎರೆಯದಿದ್ದರೆ ಮಣೆಯ ಮೇಲೆ ಕೂರುವುದೇ ಇಲ್ಲ ಅಂದಳು. ಪುರೋಹಿತರು ಯೋಚನೆ ಮಾಡಿ, ಗಂಡನ ಮಣೆಯ ಮೇಲೆ ಒಂದು ಕಲಶ ಇಟ್ಟು ಮಾಡಬಹುದು, ಗಂಡಿನ ಕಡೆಯವರು ಒಪ್ಪಿದರೆ ಸರಿ ಅಂದರು. ಗಂಡಿನ ಕಡೆಯವರು ಫೋನಿನಲ್ಲಿ "ಆಗ್ಲಿ, ನೋಡೋಣ" ಅಂದಿದ್ದರು. ಆ ಎರಡು ಮಾತಿನಲ್ಲಿ ಈ ಹೆಂಗಸು "ಆಗ್ಲಿ" ಅನ್ನುವುದನ್ನು ಮಾತ್ರ ಕೇಳಿಸಿಕೊಂಡಿದ್ದರು. ನಿಜ ಹೇಳಬೇಕೆಂದರೆ ನಾನೂ ಅಷ್ಟನ್ನೇ ಕೇಳಿಸಿಕೊಂಡೆ.

ಅವರ ಬೇಡಿಕೆ ಸಣ್ಣದಿತ್ತು. ಕಪ್ಪು ಕಾಣದ ಹಾಗೆ ಏನಾದರೂ ಒಂದು ಬಣ್ಣ. ಪದರ ಪದರದ ಗ್ಲಿಟರ್ ಹಾಕೋಣ, ಮಗಳ ಕೈಗೆ ಹೊಂದಬೇಕು ಎಂದು ಹಟ ಮಾಡಿದವಳು ನಾನು. "ಧಾರೆ ಎರೆಯೋ ಕೈ ಅಕ್ಕಾ. ಸುಮ್ನೆ ಒಂದು ಬಣ್ಣ ಬಳಿದು ಕಳ್ಸೋಕೆ ನಾನೆಂತ ಗೋಡೆಗೆ ಸುಣ್ಣ ಹೊಡಿಯೋಳಾ?" ಅಂದೆ.

ಮೊದಲು ಬೆಚ್ಚನೆಯ ನೀರಿಗೆ ನಿಂಬೆರಸ ಹಿಂಡಿ ಹತ್ತೂ ಬೆರಳನ್ನು ಕಾಲು ಗಂಟೆ ಅದ್ದಿಸಿದೆ. ಬ್ರಷ್ಷಿನಿಂದ ತಿಕ್ಕಿದೆ. ನೀರು ಕಂದಾಯಿತು, ಉಗುರು ಹಾಗೆಯೇ ಇತ್ತು. ಅಡಿಕೆಯ ಕರೆ ಉಗುರಿನ ಮೇಲೆ ಕೂರುವುದಲ್ಲ, ಒಳಗೇ ಇಳಿಯುತ್ತದೆ, ಉಗುರು ಬೆಳೆದು ಕತ್ತರಿಸಿ ಹೋದರೆ ಮಾತ್ರ ಅದೂ ಹೋದ ಹಾಗೆ. ಬಫರಿನಿಂದ ಉಜ್ಜುತ್ತಾ ಹೋದರೆ ಉಗುರು ತೆಳ್ಳಗಾಗಿ ಉರಿ ಬರುತ್ತದೆಂದು ಅಲ್ಲಿಗೇ ನಿಲ್ಲಿಸಿದೆ. ತೆಗೆಯಲು ಬಾರದ್ದನ್ನು ಮುಚ್ಚಬೇಕು, ಅಷ್ಟೇ.

ಜೆಲ್ ಪಾಲಿಶ್ ಹಾಕಬೇಕೆಂದು, ಅದನ್ನು ಗಟ್ಟಿ ಮಾಡುವ ಕರೆಂಟಿನ ಲ್ಯಾಂಪ್ ತಂದಿದ್ದೆ. ಬೇಸ್ ಕೋಟಿನ ಬಾಟಲಿ ಕೈಗೆತ್ತಿಕೊಂಡಾಗ ಫ್ಯಾನು ನಿಂತಿತು. ಲೈನಿನ ಕೆಲಸ, ಸಂಜೆ ಐದರ ತನಕ ಕರೆಂಟಿಲ್ಲ ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿ ಹೇಳಿದಳು. ಲ್ಯಾಂಪಿಲ್ಲದೆ ಜೆಲ್ ಅಂದರೆ ಒಲೆಯಿಲ್ಲದೆ ದೋಸೆ. ಲೈನ್‌ಮನ್ನಿಗೆ ಮನಸ್ಸಿನಲ್ಲೇ ಸಹಸ್ರನಾಮ ಹಾಡಿ, ಸಾದಾ ನೇಲ್ ಪಾಲಿಶಿನ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡೆ. ಸಾದಾ ಪಾಲಿಶಿನಲ್ಲಿ ಪದರ ಕಟ್ಟಬಹುದು, ಆದರೆ ಪ್ರತಿ ಪದರವೂ ಒಣಗುವ ತನಕ ಕಾಯಬೇಕು. ಜೆಲ್ಲಾದರೆ ನಿಮಿಷದ ಮಾತು, ಇಲ್ಲಿ ಅರ್ಧ ದಿನ.

ಹೆಬ್ಬೆರಳಿನ ಸೀಳಿಗೆ ಟೀ ಬ್ಯಾಗಿನ ಕಾಗದ. ನಗಬೇಡಿ, ಅದಕ್ಕಿಂತ ಒಳ್ಳೆಯ ತೇಪೆ ಇಲ್ಲ. ಪುಡಿ ಸುರಿದು, ಕಾಗದವನ್ನು ಸೀಳಿಗಿಂತ ಚೂರು ದೊಡ್ಡದಾಗಿ ಕತ್ತರಿಸಿ, ಉಗುರಿನ ಅಂಟು ಹಚ್ಚಿ ಚಿಮಟದಿಂದ ಕೂರಿಸಿದೆ. ಒಣಗಿದ ಮೇಲೆ ಅಂಚನ್ನು ಫೈಲಿನಿಂದ ಸವರಿದೆ. ಎಷ್ಟು ಸವರಿದರೂ ನಡುವೆ ಒಂದು ಸಣ್ಣ ದಿಬ್ಬ ಉಳಿಯಿತು. ಬಣ್ಣ ಬಿದ್ದ ಮೇಲೆ ಅದು ಬೇರೆಯವರಿಗೆ ಕಾಣುವುದಿಲ್ಲ, ಮಾಡಿದವಳಿಗೆ ಕಾಣುತ್ತದೆ.

ಬೇಸ್ ಕೋಟು, ಮೇಲೆ ಮರೂನ್ ಎರಡು ಸಲ, ತೆಳ್ಳಗೆ. ದಪ್ಪ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಎರಡನೇ ಪದರಕ್ಕೆ ಕಪ್ಪು ಪೂರಾ ಮುಚ್ಚಿತು. ಅವರು ತಮ್ಮ ಬೆರಳನ್ನು ತಾವೇ ನೋಡುತ್ತಾ ಕೂತರು.

"ಇದು ನನ್ನ ಕೈಯಾ?" ಅಂದರು.

"ಅಲ್ಲ, ನನ್ನದು. ನಾಳೆ ಸಂಜೆ ವಾಪಸ್ ಕೊಡ್ಬೇಕು," ಅಂದೆ.

ಬಾಯ್ತುಂಬ ನಕ್ಕರು. ಆ ನಗು ನನಗೆ ಈಗಲೂ ಕೇಳುತ್ತದೆ.

ನಕ್ಕು ಮುಗಿಸಿ, ನಾನು ಸ್ಪಾಂಜು ಕತ್ತರಿಸಲು ಆಚೆ ತಿರುಗಿದ್ದೇ ತಡ, ಎದ್ದು ಒಳಗೆ ಹೋಗಿದ್ದಾರೆ. ನನಗೆ ಕಾಫಿ ಮಾಡಲಿಕ್ಕೆ! ಪಾತ್ರೆ ಇಳಿಸುವಾಗ ಹಿಡಿದ ಮಸಿಬಟ್ಟೆಗೆ ಮೂರು ಬೆರಳಿನ ಬಣ್ಣ ಎಳೆದುಕೊಂಡು ಬಂದಿದೆ. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕಾ! ನಿಮ್ಗೆ ಒಂದು ಗಳಿಗೆ ಕೈ ಸುಮ್ನಿಟ್ಕೊಂಡು ಕೂರಕ್ಕೆ ಆಗಲ್ವಾ? ಇನ್ನೊಂದ್ಸಲ ಒಲೆ ಹತ್ರ ಹೋದ್ರೆ ಕಾಲು ಕಟ್ಟಿಹಾಕ್ತೀನಿ ನೋಡಿ!"

"ಮನೆಗೆ ಬಂದೋರಿಗೆ ಒಂದು ಲೋಟ ಕಾಫಿ ಕೊಡದೆ ಹೆಂಗೆ ಮಾರಾಯ್ತಿ?" ಅಂದರು, ತಪ್ಪು ಮಾಡಿದ ಮಗುವಿನ ಮುಖ ಮಾಡಿಕೊಂಡು. ಆ ಬೈಗಳದ ನಂತರ ಅವರು ನನ್ನನ್ನು 'ನೀವು' ಅನ್ನುವುದು ಬಿಟ್ಟರು. ಮೂರು ಬೆರಳನ್ನು ರಿಮೂವರಿನಿಂದ ಒರೆಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಕಾಫಿ ನಾನೇ ಸೋಸಿಕೊಂಡು ಬಂದು, ಅವರ ಲೋಟವನ್ನು ಅವರ ಬಾಯಿಗೆ ಹಿಡಿದೆ.

ಗ್ಲಿಟರನ್ನು ಬಾಟಲಿಯ ಬ್ರಷ್ಷಿನಲ್ಲೇ ಎಳೆದರೆ ಮಿಂಚು ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಹಾಗಾಗಿ ಅದನ್ನು ಮೊದಲು ಸ್ಪಾಂಜಿನ ಚೂರಿಗೆ ಹಚ್ಚಿಕೊಳ್ಳಬೇಕು. ದ್ರವವನ್ನು ಸ್ಪಾಂಜು ಕುಡಿಯುತ್ತದೆ, ಮಿಂಚು ಮೇಲೆ ಉಳಿಯುತ್ತದೆ, ಅದನ್ನು ಉಗುರಿನ ತುದಿಗೆ ಒತ್ತಬೇಕು. ಮೊದಲ ಪದರ ನಯವಾದ ಚಿನ್ನದ ಗ್ಲಿಟರ್, ತುದಿಯಿಂದ ಅರ್ಧದವರೆಗೆ, ಕೆಳಗೆ ಬರುತ್ತಾ ವಿರಳ. ಒಣಗಿದ ಮೇಲೆ ಎರಡನೆಯದು, ಸ್ವಲ್ಪ ದಪ್ಪ ಕಾಳಿನದು, ತುದಿಯಲ್ಲಿ ಮಾತ್ರ. ಮೂರನೆಯದು ಅಂಚಿಗೆ ಒಂದು ಗೆರೆ. ಗ್ಲಿಟರ್ ಕೊನೆಗೆ ಹಚ್ಚುವ ಹೊಳಪಿನ ಟಾಪ್ ಕೋಟನ್ನು ಕುಡಿದುಬಿಡುತ್ತದೆ, ಒಂದು ಸಲ ಹಚ್ಚಿದರೆ ಕೈಗೆ ಮರಳು ತಾಗಿದ ಹಾಗೆ ತಾಗುತ್ತದೆ. ಅದಕ್ಕೆ ಎರಡು ಸಲ.

ಇನ್ನು ಉಂಗುರದ ಬೆರಳಿನ ಚಿತ್ರ. ಏನು ಬರೆಯಲಿ, ನವಿಲಾ, ಬಳ್ಳಿಯಾ ಎಂದು ಕೇಳಿದೆ.

"ಹಿಂಗಾರ ಬರೀತೀಯಾ?" ಅಂದರು. "ಕೈ ಕಪ್ಪು ಮಾಡಿದ್ದು ಅದೇ ಮರ. ಅದರ ಹೂವೇ ಇರ್ಲಿ."

ಅಡಿಕೆಯ ಹೂಗೊನೆಯನ್ನು ಒಂದು ಉಗುರಿನಲ್ಲಿ ಕೂರಿಸುವುದು ಸುಲಭವಲ್ಲ. ಟಾಪ್ ಕೋಟಿಗೆ ಮೊದಲು, ಗುಂಡುಸೂಜಿಯ ತುದಿಯಲ್ಲಿ ಹಸಿರು ಅದ್ದಿ ಕೂದಲೆಳೆಯಷ್ಟು ತೆಳುವಾದ ಐದು ಕಡ್ಡಿ ಎಳೆದೆ. ಕಡ್ಡಿಯ ಎರಡೂ ಕಡೆ ಕೆನೆಬಣ್ಣದ ಚುಕ್ಕೆ. ಉಸಿರು ಬಿಟ್ಟರೆ ಚುಕ್ಕೆ ಹರಡುತ್ತದೆ. ಎರಡು ಸಲ ಕೆಟ್ಟಿತು, ಎರಡು ಸಲ ಒರೆಸಿದೆ, ಮೂರನೆಯ ಸಲ ನಿಂತಿತು.

ಒಣಗಲು ಬಿಟ್ಟು ಕೂತಿದ್ದಾಗ ಅವರು ಮೆಲ್ಲನೆ, "ಒಳಗೆ ಟ್ರಂಕಿನ ಮೇಲೆ ಗಿಂಡಿ ಇದೆ, ತಂದ್ಕೊಡ್ತೀಯಾ?" ಅಂದರು. ಮರುದಿನದ ಧಾರೆಗೆಂದು ಹುಣಸೆಹಣ್ಣು ಹಾಕಿ ಬೆಳಗಿಟ್ಟ ತಾಮ್ರದ ಗಿಂಡಿ. ತಂದುಕೊಟ್ಟೆ. ಬಣ್ಣ ತಾಗದ ಹಾಗೆ ಬೆರಳ ಬದಿಯಿಂದ ಹಿಡಿದುಕೊಂಡರು.

"ನೀ ಕೈ ಒಡ್ಡು."

ಒಡ್ಡಿದೆ. ಖಾಲಿ ಗಿಂಡಿಯನ್ನು ನನ್ನ ಬೊಗಸೆಯ ಮೇಲೆ ಬಗ್ಗಿಸಿದರು. "ಹಿಂಗೆ ಹಿಡಿದ್ರೆ ಹೂವು ಕಾಣ್ತದಾ? ಬೆರಳು ಇನ್ನೂ ಮೇಲೆ ಬರ್ಬೇಕಾ?" ಎಂದು ಕೇಳಿದರು. ನಾನು ಫೋಟೋದವನು ನಿಲ್ಲುವ ಕಡೆಯಿಂದ ಬಗ್ಗಿ ನೋಡಿ, ಹೆಬ್ಬೆರಳು ಕೆಳಗಿರಲಿ, ಉಂಗುರದ ಬೆರಳು ಮೇಲೆ ಬರಲಿ ಅಂದೆ. ಮತ್ತೆ ಬಗ್ಗಿಸಿದರು. ನಾಲ್ಕು ಸಲ ಎರೆದಿರಬೇಕು. ಒಂದು ಹನಿ ನೀರಿರಲಿಲ್ಲ, ನನಗೆ ಮಾತ್ರ ಯಾಕೋ ಕೈ ಹಿಂದಕ್ಕೆಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮರುದಿನ ತೀರ್ಥಹಳ್ಳಿಯ ಛತ್ರದ ಮೇಲಿನ ಕೋಣೆಯಲ್ಲಿ ಮದುಮಗಳ ಜಡೆಗೆ ಹೂ ಏರಿಸುತ್ತಿದ್ದೆ. ಮುಹೂರ್ತಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ತಾಯಿ ಹಸಿರು ರೇಷ್ಮೆ ಸೀರೆ ಉಟ್ಟು, ಕಿಟಕಿಯ ಹತ್ತಿರ ಕೂತಿದ್ದರು, ಎರಡೂ ಕೈ ಮಡಿಲ ಮೇಲೆ, ಉಗುರು ಮೇಲ್ಮುಖ. ಗಂಡಿನ ದೊಡ್ಡಪ್ಪ ಬಾಗಿಲ ಹೊರಗೆ ನಿಂತು ಕೆಮ್ಮಿದರು. ಕೆಟ್ಟ ಮನುಷ್ಯ ಅಂತ ಅಂದುಬಿಟ್ಟರೆ ನನಗೂ ಸಲೀಸಾಗುತ್ತಿತ್ತು, ಆದರೆ ಅವರು ಕೈಮುಗಿದೇ ಮಾತಾಡಿದ್ದು.

"ತಪ್ಪು ತಿಳ್ಕೋಬೇಡಿ ಅಮ್ಮ. ನಮ್ಮಲ್ಲಿ ಹಿರೇರು ಒಪ್ತಾ ಇಲ್ಲ. ಕಲಶ ಇಟ್ಟು ಮಾಡೋದು ಬೇಡ, ಜೊತೆಯಾಗಿರೋರೇ ಎರೀಲಿ ಅಂತಾರೆ. ಮಕ್ಳ ಒಳ್ಳೇದಕ್ಕೇ ಹೇಳೋದು."

ಮದುಮಗಳು ಕುರ್ಚಿಯಿಂದ ಅರ್ಧ ಎದ್ದಳು. "ಹಂಗಾದ್ರೆ ನಾನು..." ಅನ್ನುವಷ್ಟರಲ್ಲಿ ತಾಯಿ ಅವಳ ಭುಜ ಹಿಡಿದು ಕೂರಿಸಿದರು.

"ಸುಮ್ನಿರು. ಅಳಬೇಡ, ಬಣ್ಣ ಹೋಗ್ತದೆ ಮುಖದ್ದು," ಅಂದರು. ಬಾಗಿಲ ಕಡೆ ತಿರುಗಿ, "ಆಗ್ಲಿ. ನನ್ನ ಮೈದುನ, ವಾರಗಿತ್ತಿ ಕೂರ್ತಾರೆ," ಅಂದರು. ಅಷ್ಟೇ. ನಾನು ಪಿನ್ನು ಹಿಡಿದುಕೊಂಡು ನಿಂತೇ ಇದ್ದೆ. ಬಾಯಿ ಜೋರಿನವಳು ನಾನು, ಆ ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇನ್ನೂ ಕುಟುಕುತ್ತದೆ.

ಐದು ನಿಮಿಷದಲ್ಲಿ ಅವರು ವಾರಗಿತ್ತಿಯ ಕೈ ಹಿಡಿದು ಕರೆತಂದು ನನ್ನೆದುರು ಕೂರಿಸಿದರು. ಮದುಮಗಳ ಚಿಕ್ಕಮ್ಮ, ಅದೇ ಅಡಿಕೆ ಸುಲಿಯುವ ಕೈ, ಅದೇ ಕಪ್ಪು.

"ಇವಳಿಗೂ ಹಚ್ಚು. ನಂದೇ ಹಂಗೆ. ಹಿಂಗಾರನೂ ಬರಿ."

"ಆಗಲ್ಲ ಅಕ್ಕಾ," ಅಂದೆ. "ನಿನ್ನೆ ಅರ್ಧ ದಿನ ಹಿಡ್ದಿದೆ ನಿಮ್ದು. ಇದು ಒಣಗೋದೇ ಇಲ್ಲ." ಅದು ನಿಜವೇ, ಆದರೆ ಒಣಗದಿರುವುದೊಂದೇ ಕಾರಣವಾಗಿರಲಿಲ್ಲ. ಆ ಹೂವು ಇನ್ನೊಬ್ಬರ ಕೈಗೆ ಬರೆಯಲು ನನಗೆ ಹೊಟ್ಟೆ ಉರಿಯುತ್ತಿತ್ತು.

ಚಿಕ್ಕಮ್ಮ ಅಳಲಿಕ್ಕೇ ಶುರು ಮಾಡಿದಳು. "ಅಕ್ಕಯ್ಯಾ, ನಂಗೆ ಬೇಡ. ನಿನ್ನ ಜಾಗದಲ್ಲಿ ನಾ ಹೆಂಗೆ ಕೂರ್ಲಿ? ನಂಗೆ ಹೊಟ್ಟೆನೋವು ಅಂತ ಹೇಳ್ಬಿಡು."

"ಕೈ ಅಲ್ಲಾಡಿಸ್ಬೇಡ," ಅಂದರು ತಾಯಿ. ನನ್ನ ಕಡೆ ನೋಡಿದರು. "ಮಗಳ ಕೈ ಜೊತೆ ಹೊಂದ್ಬೇಕು ಅಂತ ನೀನೇ ಹೇಳಿದ್ದಲ್ವಾ ಮಾರಾಯ್ತಿ? ಹಚ್ಚು."

ಬಾಟಲಿ ಮುಗಿದಿದೆ ಎಂದು ಸುಳ್ಳು ಹೇಳಬಹುದಿತ್ತು. ಅಥವಾ ಬೇಕೆಂದೇ ಒರಟಾಗಿ ಬಳಿದು ಕಳಿಸಬಹುದಿತ್ತು, ಅವಸರದಲ್ಲಿ ಆಯಿತು ಅಂದರೆ ಯಾರು ಕೇಳುತ್ತಿದ್ದರು? ಎರಡೂ ಮನಸ್ಸಿಗೆ ಬಂದವು. ತಾಯಿಯ ಮುಖ ನೋಡಿದೆ. ಬೇಡುವ ಮುಖ ಅದಾಗಿರಲಿಲ್ಲ, ಕೆಲಸ ಹೇಳುವ ಮುಖ. ಹಚ್ಚುವುದಾದರೆ ನಿನ್ನೆಯದೇ ಕೈ ಅನ್ನಿಸುವ ಹಾಗೆ ಹಚ್ಚಬೇಕು ಎಂದು ತೀರ್ಮಾನ ಮಾಡಿ ಪೆಟ್ಟಿಗೆ ಎಳೆದುಕೊಂಡೆ.

ಹತ್ತು ಬೆರಳು ಆಗದು. ಗಿಂಡಿ ಹಿಡಿಯುವ ಬಲಗೈ ಮಾತ್ರ. ಬೇಸ್ ಕೋಟು ಬಿಟ್ಟೆ. ಮರೂನ್ ಎರಡು ಪದರದ ಜಾಗದಲ್ಲಿ ಒಂದೇ. ಅದು ಹಸಿಯಿರುವಾಗಲೇ ಸ್ಪಾಂಜಿನಿಂದ ಗ್ಲಿಟರ್ ಒತ್ತಿದೆ, ಹಸಿ ಬಣ್ಣಕ್ಕೆ ಮಿಂಚು ತಾನಾಗಿ ಅಂಟುತ್ತದೆ, ನುಣುಪು ಬರುವುದಿಲ್ಲ, ದೂರಕ್ಕೆ ಗೊತ್ತಾಗದು. ಊಟದ ಮನೆಯಿಂದ ಐಸ್ ತರಿಸಿ ಬೋಗುಣಿಯ ನೀರಿಗೆ ಹಾಕಿಸಿದೆ. ತಣ್ಣೀರಿನಲ್ಲಿ ಬೆರಳದ್ದಿದರೆ ಪಾಲಿಶಿನ ಮೇಲ್ಪದರ ಬೇಗ ಗಟ್ಟಿಯಾಗುತ್ತದೆ. ಅದ್ದಿ ತೆಗೆದ ಬೆರಳಿಗೆ ಗಾಳಿ ಬೀಸುವವರು ಬೇಕಿತ್ತು.

ತಾಯಿ ಮಂಡಿಯೂರಿ ಕೂತು, ಮಗಳ ಲಗ್ನಪತ್ರಿಕೆಯನ್ನೇ ಬೀಸಣಿಗೆ ಮಾಡಿಕೊಂಡು ಬೀಸಿದರು. ನಿನ್ನೆ ನಾನು ಅವರ ಉಗುರಿಗೆ ಬರೆದ ಹಿಂಗಾರ ಆ ಪತ್ರಿಕೆಯ ಅಂಚಿನಲ್ಲಿ ಮೇಲೆ ಕೆಳಗೆ ಹೋಗುತ್ತಿತ್ತು. ಅದನ್ನು ನೋಡಿಕೊಂಡೇ ಇದರ ಚುಕ್ಕೆ ಇಟ್ಟೆ. ಕಣ್ಣು ಮಂಜಾಗಿ ಎರಡು ಸಲ ನಿಲ್ಲಿಸಬೇಕಾಯಿತು. ಕೆಳಗೆ ಓಲಗ ಜೋರಾಯಿತು.

"ಗಿಂಡಿ ಹಿಡಿಯೋವಾಗ ಹೆಬ್ಬೆರಳು ಕೆಳಗಿಡು," ಎಂದು ಅವರು ವಾರಗಿತ್ತಿಗೆ ಹೇಳುತ್ತಿದ್ದರು. "ಉಂಗುರದ ಬೆರಳು ಮೇಲೆ ಬರ್ಲಿ. ಫೋಟೋದವನು ನಿನ್ನ ಬಲಕ್ಕೆ ನಿಲ್ತಾನೆ. ಅವಸರ ಮಾಡ್ಬೇಡ, ಮೆಲ್ಲಗೆ ಎರಿ."

ಧಾರೆಯಾಯಿತು. ನಾನು ಮಂಟಪದ ಕಂಬಕ್ಕೆ ಒರಗಿ ನಿಂತಿದ್ದೆ. ಚಿಕ್ಕಮ್ಮ ಗಿಂಡಿಯನ್ನು ಹೇಳಿಕೊಟ್ಟಂತೆಯೇ ಹಿಡಿದಿದ್ದಳು. ಮದುಮಗಳು ತಲೆ ಎತ್ತಲಿಲ್ಲ. ಆಮೇಲೆ ನೆಂಟರೆಲ್ಲ ಸಾಲಾಗಿ ಬಂದು ಒಬ್ಬೊಬ್ಬರಾಗಿ ಹಾಲೆರೆದರು. ಆ ಸಾಲಿಗೆ ತಾಯಿ ಬಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಬರಲಿಲ್ಲ. ಕೊನೆಯ ಸಾಲಿನ ಕುರ್ಚಿಯಲ್ಲಿ, ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ನಾನು ಹತ್ತಿರ ಹೋಗಿ, "ಏಳಿ ಅಕ್ಕಾ, ನೀವೂ ಎರೀರಿ," ಅಂದೆ. ತಲೆಯಾಡಿಸಿದರು. ಅವಮಾನಕ್ಕೆ ಮುದುಡಿ ಕೂತಿದ್ದಾರೆ ಅಂದುಕೊಂಡೆ. ಊಟಕ್ಕೂ ಎಲ್ಲರೂ ಎದ್ದ ಮೇಲೆ ಕೂತರು, ಎಡಗೈ ಸೆರಗಿನಿಂದ ಹೊರಗೆ ಬರಲೇ ಇಲ್ಲ. ಬಣ್ಣ ತೆಗೆದುಕೊಡಲಾ ಎಂದು ಕೇಳಿದ್ದಕ್ಕೆ, "ಮನೆಗೆ ಹೋಗಿ ತೆಗಿತೀನಿ," ಅಂದರು. ನಾನು ಸಾಗರದ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಆನಂದಪುರ ಬರುವ ತನಕ ಅತ್ತೆ. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟಳು.

ಕೆಲವು ತಿಂಗಳ ನಂತರ ಬೇರೊಂದು ಮದುವೆಯ ಕೆಲಸಕ್ಕೆ ಹೊಸನಗರಕ್ಕೆ ಹೋದವಳು, ಮನಸ್ಸು ತಡೆಯದೆ ಅವರ ಮನೆಗೆ ಹೋದೆ. ಪಕ್ಕದ ಮನೆಯಾಕೆ ಜಗಲಿಯಲ್ಲಿ ಕೂತಿದ್ದಳು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ. ಮುಖ ಯಾರದ್ದೂ ಇರಲಿಲ್ಲ. ಮಗಳ ಬೊಗಸೆ, ಗಂಡಿನ ಬೊಗಸೆ, ಮೇಲೆ ಗಿಂಡಿ ಹಿಡಿದ ಕೈ. ಉಂಗುರದ ಬೆರಳಿನಲ್ಲಿ ಹಿಂಗಾರ.

"ನೀವೇನಾ ಹಚ್ಚಿದ್ದು? ನಾನು ಮದ್ವೆಗೆ ಹೋಗಕ್ಕಾಗ್ಲಿಲ್ಲ," ಅಂದಳು ಪಕ್ಕದ ಮನೆಯಾಕೆ. "ಎಷ್ಟು ಲಾಯ್ಕಾಗಿ ಬಂದಿದೆ ಇವರ ಕೈ! ಮನೆಗೆ ಬಂದೋರೆಲ್ಲ ನಿಂತು ನೋಡ್ತಾರೆ."

ತಾಯಿ ಫೋಟೋದ ಕಡೆ ಒಮ್ಮೆ ನೋಡಿ ಎದ್ದರು. ಕಾಫಿ ತರಲು ಒಳಗೆ ಹೋದರು.

ಪಕ್ಕದ ಮನೆಯಾಕೆ ಎದ್ದು ಹೋದ ಮೇಲೆ ನಾನು ಫೋಟೋದ ಹತ್ತಿರ ಹೋಗಿ ಹೆಬ್ಬೆರಳು ನೋಡಿದೆ. ಸಮನಾಗಿತ್ತು, ತೇಪೆಯ ದಿಬ್ಬ ಇರಲಿಲ್ಲ, ಚಿಕ್ಕಮ್ಮನದೇ ಕೈ. ತಿರುಗಿದರೆ ಅವರು ಲೋಟ ಹಿಡಿದು ಹಿಂದೆಯೇ ನಿಂತಿದ್ದಾರೆ. ಹೊಸ ಕಪ್ಪು ಕೂತ ಬೆರಳು, ನಡುವೆ ಸೀಳಿದ ಉಗುರು.

"ಅವತ್ತು ಸಾಲಿಗೆ ಬಾ ಅಂತ ಕರೆದಿದ್ದೆ ನೀನು," ಅಂದರು. "ನಾನೂ ಹೋಗಿ ಎರೆದಿದ್ರೆ ಫೋಟೋದಲ್ಲಿ ಅಂಥವೇ ಎರಡು ಕೈ ಆಗ್ತಿದ್ವು ಮಾರಾಯ್ತಿ. ತಾಯಿದು ಯಾವುದು ಅಂತ ಜನ ಕೇಳೋರು. ಈಗ ಒಂದೇ ಕೈ ಇದೆ. ಯಾರೂ ಕೇಳಲ್ಲ."

ನಾನು ಲೋಟ ಇಸಿದುಕೊಂಡೆ, ಕಣ್ಣು ಮತ್ತೆ ಫೋಟೋದ ಕಡೆಗೇ ಹೋಯಿತು.

"ಕುಡಿ, ಆರ್ತದೆ," ಅಂದರು. ಸೆರಗಿನ ತುದಿಯಿಂದ ಗಾಜಿನ ಮೇಲಿನ ಧೂಳು ಒರೆಸಿದರು.